ಕೇಲ್ಸ್ ಫೋರ್ಡಿನ ಮನೆಯಿಲ್ಲದ ಬಾಗಿಲು

ನಮ್ಮ ಕೌಂಟಿಗೆ ಕೋರ್ಟುಮನೆ ಬರುವ ಮೊದಲೇ ಅದರ ಬಾಗಿಲು ಬಂತು. ಆ ಬಾಗಿಲು ಮಾಡಿದವನು ನಾನು, ಎನೋಸ್ ಪ್ರಿಕೆಟ್, ಬಡಗಿ. ಮಾಡಿಸಿದವರು ವಕೀಲ ಆಸಾ ಟಿಲ್ಫರ್ಡ್.

ಟಿಲ್ಫರ್ಡರ ಹೆಸರು ಈಗ ಇಲಿನಾಯ್ ರಾಜ್ಯದ ಈ ಮೂಲೆಯಲ್ಲೆಲ್ಲ ಗೊತ್ತು. ಮುಂದೆ ಅವರು ಶಾಸನಸಭೆಯಲ್ಲಿ ಕೂತರು, ನ್ಯಾಯಾಧೀಶರಾದರು, ಅವರ ಚಿತ್ರ ಬರೆಯಲು ದೂರದ ಸೇಂಟ್ ಲೂಯಿಸಿನಿಂದ ಒಬ್ಬ ಬಂದು ಮೂರು ದಿನ ಕೂರಿಸಿದ. ನಾನು ಅವರನ್ನು ಕಂಡದ್ದು ಅದಕ್ಕೂ ಮುಂಚೆ. ಕುಂಟು ಹೇಸರಗತ್ತೆಯ ಮೇಲೆ ನದಿ ದಾಟಿ ಬಂದರು. ಷರಾಯಿಯ ಎರಡೂ ಮಂಡಿಗೆ ಜಿಂಕೆ ಚರ್ಮದ ತೇಪೆ. ಚೀಲದಲ್ಲಿ ಒಂದೇ ಒಂದು ಕಾನೂನು ಪುಸ್ತಕ, ಅದಕ್ಕೆ ಅಂಗಿ ಸುತ್ತಿತ್ತು. "ಇನ್ನೊಂದು ಅಂಗಿ ಇಲ್ವೇ?" ಎಂದು ಕೇಳಿದೆ. "ಇದೆಯಲ್ಲ, ಪುಸ್ತಕ ಹಾಕ್ಕೊಂಡಿದೆ" ಎಂದರು.

ನನ್ನ ಕಾರ್ಖಾನೆಯ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟೆ. ಬದಲಿಗೆ ಅವರು ನನಗೆ ಓದು ಕಲಿಸಿದರು. ಉಜ್ಜಿದ ಹಲಗೆಯ ಮೇಲೆ ಇದ್ದಿಲಲ್ಲಿ ಅಕ್ಷರ ಬರೆಯುತ್ತಿದ್ದರು. ನಾನು ಓದಿ, ಬಾಯಿಪಾಠ ಮಾಡಿ, ಉಜ್ಜುಗೊರಡಿನಲ್ಲಿ ಕೆರೆದು ಹಾಕುತ್ತಿದ್ದೆ. ನಾನು ಕಲಿತ ಪಾಠವೆಲ್ಲ ಆಮೇಲೆ ಯಾರ್ಯಾರದೋ ಮನೆಯ ತೊಟ್ಟಿಲಾಯಿತು, ಮೇಜಾಯಿತು, ಶವಪೆಟ್ಟಿಗೆಯೂ ಆಯಿತು.

ಅವರ ಬಾಯಿಯ ಶಕ್ತಿಯನ್ನು ಏನೆಂದು ಹೇಳಲಿ! ಮೊದಲ ವರ್ಷ ಒಂದು ಹಂದಿಯ ವ್ಯಾಜ್ಯ ನಡೆಸಿದರು. ಸೋತವನು ಬಂದು, "ಹಂದಿ ಹೋದ್ರೆ ಹೋಗ್ಲಿ ವಕೀಲ್ರೇ, ಭಾನುವಾರ ಊಟಕ್ಕೆ ಬನ್ನಿ, ಇನ್ನೊಂದ್ಸಲ ಆ ಮಾತೆಲ್ಲ ನನ್ನ ಹೆಂಡತಿ ಮುಂದೆ ಹೇಳಿ" ಎಂದು ಕರೆದ. ನಾನೇ ಸಾಕ್ಷಿ.

ಇನ್ನು ಬಾಗಿಲಿನ ಸಂಗತಿ. ಕೌಂಟಿ ಹುಟ್ಟಿದಾಗ ಅದರ ಮುಖ್ಯ ಊರು ನಮ್ಮ ಕೇಲ್ಸ್ ಫೋರ್ಡ್ ಆಗಬೇಕೋ, ಒಂಬತ್ತು ಮೈಲಿ ಆಚೆಯ ಹೀಬ್ರನ್ ಆಗಬೇಕೋ ಎಂದು ದೊಡ್ಡ ಜಗಳ. ಟಿಲ್ಫರ್ಡರು ರಾಜಧಾನಿ ವಂಡೇಲಿಯಕ್ಕೆ ಹೋಗಿ ನಮ್ಮೂರನ್ನೇ ಮುಖ್ಯ ಊರು ಮಾಡಿಸಿಕೊಂಡು ಬಂದರು. ಬಂದು ಕಾನೂನು ಪುಸ್ತಕ ಬಿಡಿಸಿದರೆ ಪುಟಪುಟಕ್ಕೂ ಒಂದೇ ಮಾತು: ಹರಾಜಿನ ನೋಟೀಸನ್ನು ಕೋರ್ಟುಮನೆಯ ಬಾಗಿಲಿಗೆ ಹಚ್ಚತಕ್ಕದ್ದು, ಚುನಾವಣೆಯ ನೋಟೀಸನ್ನು ಕೋರ್ಟುಮನೆಯ ಬಾಗಿಲಿಗೆ ಹಚ್ಚತಕ್ಕದ್ದು. ನಮ್ಮ ಕೋರ್ಟು ನಡೆಯುತ್ತಿದ್ದದ್ದು ಎಲ್ಮ್ ಮರದ ಬುಡದಲ್ಲಿ. ಮಳೆ ಬಂದರೆ ಗಿಡಿಯನ್ ರಾಥನ ಹೋಟೆಲಿನಲ್ಲಿ.

"ಎನೋಸ್, ಒಂದು ಬಾಗಿಲು ಮಾಡು" ಎಂದರು.

"ಯಾವ ಮನೆಗೆ?"

"ನೀನು ಬಾಗಿಲು ಮಾಡಯ್ಯಾ. ಮನೆ ಅದರ ಹಿಂದೆ ತಾನಾಗೇ ಬರುತ್ತೆ."

ಅಕ್ರೋಟದ ಮರದಲ್ಲಿ ಮಾಡಿದೆ. ಚೌಕಟ್ಟು, ಹೊಸ್ತಿಲು, ಕಬ್ಬಿಣದ ಕೀಲು, ಚಿಲಕ, ಎಲ್ಲ ಸರಿಯಾಗಿ. ಎಲ್ಮ್ ಮರದ ಮುಂದೆ ಎರಡು ಕಂಬ ಹೂತು ನಿಲ್ಲಿಸಿದೆವು. ಈ ಕಡೆ ರಸ್ತೆ, ಆ ಕಡೆ ಎದೆಯೆತ್ತರದ ಹುಲ್ಲು, ಆಕಾಶ ಮುಟ್ಟುವವರೆಗೂ ಹುಲ್ಲೇ. ನಡುವೆ ನನ್ನ ಬಾಗಿಲು.

ಹೀಬ್ರನ್ನಿನವರು ಗಾಡಿ ಕಟ್ಟಿಕೊಂಡು ನೋಡಲು ಬಂದರು. "ಏನ್ರಪ್ಪಾ, ಬಾಗಿಲು ಸರಿಯಾಗಿ ಹಾಕ್ಕೊಂಡ್ರಾ? ಗಾಳಿ ಒಳಗೆ ಬಂದೀತು!" ಎಂದು ಕೂಗಿದರು. "ಮನೆಯಿಲ್ಲದ ಬಾಗಿಲು, ಊಟಕ್ಕಿಲ್ಲದ ಉಪ್ಪಿನಕಾಯಿ" ಎಂದು ಹಾಡು ಕಟ್ಟಿದರು. ಆದರೆ ನಗು ಹೆಚ್ಚು ದಿನ ನಡೆಯಲಿಲ್ಲ. ಟಿಲ್ಫರ್ಡರು ಒಂದು ಪದ್ಧತಿ ಮಾಡಿದರು: ಕೋರ್ಟಿಗೆ ಬರುವವರು ಟೋಪಿ ತೆಗೆದು, ಚಿಲಕ ಎತ್ತಿ, ಹೊಸ್ತಿಲು ದಾಟಿಯೇ ಬರಬೇಕು. ಪಕ್ಕದಿಂದ ಸುತ್ತಿಕೊಂಡು ಬರುವುದು ನಾಯಿಗಳಿಗೆ ಮಾತ್ರ. ವರ್ಷಕ್ಕೆ ಎರಡು ಸಲ ಕುದುರೆಯ ಮೇಲೆ ಬರುವ ಜಡ್ಜ್ ವೈಮನ್ ಮೊದಲು ಹುಬ್ಬೇರಿಸಿದರು. ಟಿಲ್ಫರ್ಡರು ಅರ್ಧ ಗಂಟೆ ಮಾತಾಡಿದರು. ಮಾರನೆಯ ದಿನ, ಸುತ್ತಿಕೊಂಡು ಬಂದ ಒಬ್ಬನಿಗೆ ಅದೇ ಜಡ್ಜು ಎರಡು ಡಾಲರ್ ದಂಡ ಹಾಕಿದರು. ಹುಲ್ಲಿನ ನಡುವೆ ಒಂಟಿಯಾಗಿ ನಿಂತ ಬಾಗಿಲ ಮುಂದೆ ದೊಡ್ಡ ದೊಡ್ಡ ಗಂಡಸರು ಟೋಪಿ ಕೈಯಲ್ಲಿ ಹಿಡಿದು ಸಾಲುಗಟ್ಟಿದ್ದನ್ನು ಕಂಡಾಗ ನನ್ನ ಮೈ ಜುಮ್ಮೆಂದಿತು. ಒಬ್ಬ ಮನುಷ್ಯ ಬರೀ ಮಾತಿನಿಂದ ಗೋಡೆ ಎಬ್ಬಿಸಬಲ್ಲ ಎಂದು ನನಗೆ ಅಂದು ತಿಳಿಯಿತು.

ಸಾವಿರದ ಎಂಟುನೂರ ಮೂವತ್ತೆಂಟರ ಆಗಸ್ಟಿನಲ್ಲಿ ಚುನಾವಣೆ. ನೋಟೀಸು ಆ ಬಾಗಿಲಿಗೇ ಬಿತ್ತು. ಟಿಲ್ಫರ್ಡರು ರಾಥನ ಎದುರು ನಿಂತು ಶಾಸನಸಭೆಗೆ ಗೆದ್ದರು. ಡಿಸೆಂಬರಿನಲ್ಲಿ ವಂಡೇಲಿಯಕ್ಕೆ ಹೊರಡಬೇಕು. ಅವರಿಗೆ ಹೊಸ ಕೋಟು ಹೊಲಿಸಲು ಊರೆಲ್ಲ ಸೇರಿ ಬಟ್ಟೆ ತರಿಸಿತ್ತು.

ಆ ಆಗಸ್ಟಿನ ಕೊನೆಗೇ ಕೆಟೂರಾಳನ್ನು ಹಿಡಿದರು.

ಕೆಟೂರಾ ಬೆಲ್ ನಮ್ಮೂರಿನ ಸೂಲಗಿತ್ತಿ, ಕಪ್ಪು ಹೆಂಗಸು. ಕೆಂಟಕಿಯಲ್ಲಿ ಅವಳ ಯಜಮಾನ ಸಾಯುವಾಗ ಬಿಡುಗಡೆ ಬರೆದುಕೊಟ್ಟಿದ್ದ. ಆ ಕಾಗದ ನದಿ ದಾಟುವಾಗ ಗಾಡಿಯ ಸಮೇತ ನೀರುಪಾಲಾಯಿತು. ಆರು ವರ್ಷ ಯಾರೂ ಕೇಳಿರಲಿಲ್ಲ; ಊರಿನ ಅರ್ಧ ಮಕ್ಕಳನ್ನು ಹೊರಗೆ ತಂದವಳೇ ಆಕೆ. ಆದರೆ ನಮ್ಮ ರಾಜ್ಯದ ಕಾನೂನು ಕೆಟ್ಟದಾಗಿತ್ತು: ಬಿಡುಗಡೆಯ ಕಾಗದವಿಲ್ಲದ ಕಪ್ಪು ಜನರನ್ನು ಓಡಿಬಂದವರೆಂದು ಹಿಡಿಯಬಹುದು. ಶೆರಿಫ್ ಕೋರ್ಟುಮನೆಯ ಬಾಗಿಲಿಗೆ ನೋಟೀಸು ಹಚ್ಚಬೇಕು; ಆರು ವಾರದಲ್ಲಿ ಒಡೆಯ ಬರದಿದ್ದರೆ ಹರಾಜು ಕೂಗಿ ಒಂದು ವರ್ಷ ಕೂಲಿಗೆ ಕೊಡಬೇಕು. ಅಷ್ಟರಲ್ಲಿ ಸುದ್ದಿ ನದಿಯಾಚೆ ಹೋಗಿ, ಯಾವನಾದರೂ ಬಂದು ಇವಳು ನನ್ನವಳು ಎಂದರೆ, ಮುಗಿಯಿತು. ರಾಥನ ಹೋಟೆಲಿನ ಅಡುಗೆಯವಳು ಬಿಟ್ಟುಹೋಗಿದ್ದಳು. ಚುನಾವಣೆ ಸೋತ ಉರಿಯೂ ಇತ್ತು. ದೂರು ಕೊಟ್ಟವನು ಅವನೇ.

ಜೈಲಿರಲಿಲ್ಲ. ಶೆರಿಫ್ ಪಾಟ್ಸ್ ಆಕೆಯನ್ನು ತನ್ನ ಜೋಳದ ಕಣಜದಲ್ಲಿ ಕೂಡಿದ. ಪಾಟ್ಸ್ ಕೆಟ್ಟವನಲ್ಲ, ಹೇಳಿದ್ದನ್ನು ಮಾಡುವವನು. ಅಂಥವರಿಂದಲೇ ಹೆಚ್ಚು ಕಷ್ಟ. ನಾನು ಜೋಳದ ರೊಟ್ಟಿ ತೆಗೆದುಕೊಂಡು ಹೋದಾಗ ಕಣಜದ ಸಂದಿಯಿಂದ ಕೆಟೂರಾ ಹೇಳಿದಳು: "ನೋಡು ಎನೋಸ್, ಪಾಟ್ಸನ ಹೆಂಡತಿಗೆ ಏಳು ತಿಂಗಳು. ನೋವು ಬಂದ್ರೆ ಅವಳನ್ನೇ ಇಲ್ಲಿಗೆ ಕರ್ಕೊಂಡು ಬಾ ಅಂತ ಅವನಿಗೆ ಹೇಳಿದೀನಿ. ಇಲಿಗಳಿಗೂ ಹೇಳಿಟ್ಟಿದೀನಿ, ಸ್ವಲ್ಪ ಸರ್ಕೊಳ್ಳಿ ಅಂತ."

"ನಗ್ತೀಯಲ್ಲ!"

"ಅತ್ರೆ ಬೀಗ ತೆಗೀತಾನಾ?"

ಅರ್ಧ ರೊಟ್ಟಿ ತಿಂದು, ಉಳಿದರ್ಧವನ್ನು ತಲೆವಸ್ತ್ರದ ತುದಿಯಲ್ಲಿ ಕಟ್ಟಿಟ್ಟುಕೊಂಡಳು.

ಟಿಲ್ಫರ್ಡರು ಕೆಂಟಕಿಯ ಕೋರ್ಟಿನ ಗುಮಾಸ್ತನಿಗೆ ಮೂರು ಕಾಗದ ಬರೆದರು. ಉತ್ತರವಿಲ್ಲ. ಊರವರು ಸಹಿ ಹಾಕಿದ ಅರ್ಜಿ ಕೊಟ್ಟರು. ಸಹಿ ಬಿಡುಗಡೆ ಪತ್ರವಾಗುವುದಿಲ್ಲ ಎಂದ ಶೆರಿಫ್. ಆರು ವಾರ ಮುಗಿಯಿತು. ಅಕ್ಟೋಬರದಲ್ಲಿ ಜಡ್ಜ್ ವೈಮನ್ ಬಂದರು.

ವಿಚಾರಣೆಯ ಹಿಂದಿನ ಸಂಜೆ ಟಿಲ್ಫರ್ಡರು ನನ್ನ ಕಾರ್ಖಾನೆಗೆ ಬಂದು ಮರದ ಸಿಪ್ಪೆಯ ರಾಶಿಯ ಮೇಲೆ ಕೂತರು. ಒಂದು ಸಿಪ್ಪೆ ಎತ್ತಿ ಬೆರಳಿಗೆ ಸುತ್ತಿದರು, ಬಿಚ್ಚಿದರು. 

"ಎನೋಸ್, ನಾಳೆ ನಿನ್ನ ಸಾಕ್ಷಿಗೆ ಕರೀತೀನಿ."

"ನನ್ನನ್ನ? ಏನು ಕೇಳ್ತೀರಿ?"

"ಅದನ್ನ ಹೇಳಲ್ಲ. ಈಗ ಹೇಳಿದ್ರೆ ರಾತ್ರಿಯೆಲ್ಲ ಕೂತು ಉತ್ತರಕ್ಕೆ ಉಜ್ಜುಗೊರಡು ಹಾಕ್ತೀಯ. ನನಗೆ ಒರಟು ಮರ ಬೇಕು. ಕೇಳಿದ್ದಕ್ಕೆ ನಿಜ ಹೇಳು, ಅಷ್ಟೇ."

ಮರುದಿನ ಮುನ್ನೂರು ಜನ ಸೇರಿದ್ದರು. ಹೀಬ್ರನ್ನಿನಿಂದಲೂ ಗಾಡಿಗಳು ಬಂದಿದ್ದವು. ಎಲ್ಲರೂ ಪದ್ಧತಿಯಂತೆ ಟೋಪಿ ತೆಗೆದು ಬಾಗಿಲು ದಾಟಿ ಬಂದರು. ಕೆಟೂರಾಳೂ ದಾಟಿದಳು, ತಲೆವಸ್ತ್ರ ಸರಿಮಾಡಿಕೊಂಡು ಹೊಸ್ತಿಲಿನ ಮೇಲೆ ಒಂದು ಕ್ಷಣ ನಿಂತಳು. ಅದೇ ಬಾಗಿಲ ಹಲಗೆಯ ಮೇಲೆ, ಅವಳ ತಲೆಯ ಎತ್ತರಕ್ಕೆ, ಅವಳದೇ ನೋಟೀಸು.

ಟಿಲ್ಫರ್ಡರು ಎದ್ದು, "ಮಿಸೆಸ್ ಬೆಲ್ ಅವರ ಪರವಾಗಿ ನಾನು" ಎಂದರು. ಜನರಲ್ಲಿ ಗುಸುಗುಸು. ಆಕೆಯನ್ನು ಯಾರಾದರೂ ಹಾಗೆ ಕರೆದದ್ದನ್ನು ನಾವು ಕೇಳಿರಲಿಲ್ಲ. ಆಮೇಲೆ ನನ್ನನ್ನು ಕರೆದು ಪ್ರಮಾಣ ಮಾಡಿಸಿದರು.

"ಎನೋಸ್ ಪ್ರಿಕೆಟ್, ಅಲ್ಲಿರೋದು ಏನು?"

"ಬಾಗಿಲು, ಸ್ವಾಮಿ."

"ಮಾಡಿದ್ದು ಯಾರು?"

"ನಾನೇ. ಚೆನ್ನಾಗೇ ಮಾಡಿದೀನಿ."

"ಅದರಲ್ಲಿ ಅನುಮಾನ ಇಲ್ಲ. ಬಾಗಿಲು ಇರೋದು ಯಾತಕ್ಕೆ?"

"ಒಳಗೆ ಹೋಗೋಕೆ, ಹೊರಗೆ ಬರೋಕೆ."

"ಈ ಬಾಗಿಲಿಂದ ಒಳಗೆ ಹೋದ್ರೆ ಎಲ್ಲಿಗೆ ಹೋಗ್ತೀಯ?"

ಅವರು ಎಲ್ಲಿಗೆ ಹೊರಟಿದ್ದಾರೆಂದು ನನಗೆ ಆಗ ಗೊತ್ತಾಯಿತು.  ಮುನ್ನೂರು ಜನ ನನ್ನ ಬಾಯಿ ನೋಡುತ್ತಿದ್ದರು. ಅದರಲ್ಲಿ ನನ್ನ ಅಣ್ಣನೂ ಇದ್ದ; ನನ್ನ ಗಿರಾಕಿಗಳೆಷ್ಟು, ಈ ಬಾಗಿಲ ಮುಂದೆ ಹರಾಜಿನಲ್ಲಿ ಹೊಲ ಕೊಂಡವರೆಷ್ಟು! 'ಕೋರ್ಟುಮನೆಗೆ' ಎಂದುಬಿಟ್ಟರೆ ಎಲ್ಲರೂ ಖುಷಿ. ಕೆಟೂರಾ ಮಾತ್ರ ನನ್ನನ್ನು ನೋಡಲಿಲ್ಲ. ತನ್ನ ಕೈಗಳನ್ನು ನೋಡುತ್ತ ಕೂತಿದ್ದಳು.

"ಹುಲ್ಲಿಗೆ, ಸ್ವಾಮಿ" ಎಂದೆ. "ಅದರ ಹಿಂದೆ ಹುಲ್ಲು ಬಿಟ್ರೆ ಏನೂ ಇಲ್ಲ."

ರಾಥ್ ಚಂಗನೆ ಎದ್ದ. "ಏನಿದು ತಮಾಷೆ! ಇದೇ ವಕೀಲ ಇದನ್ನ ಬಾಗಿಲು ಅಂತ ಊರಿಗೆಲ್ಲ ಟೋಪಿ ತೆಗೆಸಿದ್ದು. ಈಗ ತನಗೆ ಬೇಕಾದಾಗ ಹುಲ್ಲಾಯ್ತಾ?"

ಜಡ್ಜ್ ವೈಮನ್ ಬಾಯಿಯ ಹೊಗೆಸೊಪ್ಪನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. "ರಾಥ್ ಹೇಳೋದ್ರಲ್ಲಿ ತಪ್ಪೇನಿಲ್ಲ, ಟಿಲ್ಫರ್ಡ್. ಇದು ಬಾಗಿಲೇ ಅಂತ ಅರ್ಧ ಗಂಟೆ ನನ್ನ ಕಿವಿ ತಿಂದವನು ನೀನು. ನಿನ್ನ ಮಾತು ಕೇಳಿ ನಾನು ಒಬ್ಬನಿಗೆ ದಂಡ ಹಾಕಿದೀನಿ."

"ಹೌದು, ಸ್ವಾಮಿ. ಆವತ್ತು ನಾನು ಹೇಳಿದ್ದು ತಪ್ಪು."

"ಏನಂದೆ?"

"ತಪ್ಪು ಅಂದೆ. ಆ ದಂಡ ನನ್ನ ಕೈಯಿಂದ ವಾಪಸು ಕೊಡ್ತೀನಿ. ಕಾನೂನು 'ಕೋರ್ಟುಮನೆಯ ಬಾಗಿಲು' ಅನ್ನುತ್ತೆ. ಮನೆ ಇದ್ರೆ ಅದಕ್ಕೆ ಬಾಗಿಲು. ನೋಟೀಸು ಅಂದ್ರೆ ನಾಲ್ಕು ಜನ ಬಂದು ಹೋಗೋ ಜಾಗದಲ್ಲಿ, ಕಾನೂನಿನ ಸೂರಿನ ಕೆಳಗೆ, ಮುಚ್ಚುಮರೆ ಇಲ್ಲದೆ ಹೇಳೋದು. ನಾನು ಜಂಬಕ್ಕೆ ಬಿದ್ದೆ. ಊರು ಗೆಲ್ಲಬೇಕು ಅಂತ ಎರಡು ಕಂಬಕ್ಕೆ ಮನೆ ಅಂತ ಹೆಸರಿಟ್ಟೆ. ಹೊಲ ಮಾರೋವರೆಗೂ ಅದು ಆಟ, ಸ್ವಾಮಿ. ಒಬ್ಬ ಹೆಂಗಸಿನ ಬದುಕನ್ನ ಆ ಆಟದ ಹಲಗೆಗೆ ಮೊಳೆ ಹೊಡೆದು ಹಚ್ಚಿದ ಮೇಲೆ ಆಟ ಅಲ್ಲ."

"ಮುಂದೇನಾಗುತ್ತೆ ಗೊತ್ತಾ?" ಜಡ್ಜರ ದನಿ ತಗ್ಗಿತು. "ಇದು ಬಾಗಿಲಲ್ಲ ಅಂದ್ರೆ ಇದಕ್ಕೆ ಹಚ್ಚಿದ ಯಾವ ನೋಟೀಸೂ ನೋಟೀಸಲ್ಲ. ಹೊಲದ ಹರಾಜೆಲ್ಲ ಮತ್ತೆ ಆಗ್ಬೇಕು. ಕೋರ್ಟುಮನೆ ಇಲ್ಲದ ಊರು ಮುಖ್ಯ ಊರಾಗಲ್ಲ, ಅದು ಹೀಬ್ರನ್ನಿಗೆ ಹೋಗುತ್ತೆ. ಅವರು ಕಲ್ಲಿನ ಕಟ್ಟಡ ಕಟ್ಟಿ ಕಾಯ್ತಾ ಕೂತಿದಾರೆ."

"ಗೊತ್ತು."

"ಆಗಸ್ಟಿನ ಚುನಾವಣೆ?"

"ಅದರ ನೋಟೀಸೂ ಅಲ್ಲೇ ಇತ್ತು. ನಾಲ್ಕು ಮೊಳೆ. ಹೊಡೆಯೋದನ್ನ ನಾನೇ ನಿಂತು ನೋಡಿದೀನಿ."

 ಹೀಬ್ರನ್ನಿನವರು ಕೂಡ ಸಂತೋಷಪಡುವುದನ್ನು ಮರೆತರು. ಬಹಳ ಮರ ಉರುಳುವುದನ್ನು ನೋಡಿದವನು ನಾನು. ಆದರೆ ತಾನು ಕೂತ ಕೊಂಬೆಯನ್ನು, ಎಲ್ಲ ಗೊತ್ತಿದ್ದು, ನಿಧಾನವಾಗಿ, ಗೆರೆ ಹಾಕಿಕೊಂಡು ಕಡಿದ ಮನುಷ್ಯನನ್ನು ಅಂದೇ ಕಂಡದ್ದು. ಅವರ ದನಿಯಲ್ಲಿ ಆವತ್ತು ಏರಿಳಿತವೇ ಇರಲಿಲ್ಲ. ಹಂದಿಯ ಕೇಸಿಗೆ ಇದ್ದಷ್ಟು ಅಲಂಕಾರವೂ ಇರಲಿಲ್ಲ.

ಜಡ್ಜ್ ವೈಮನ್ ಎದ್ದರು. ಬಾಗಿಲಿನ ಹತ್ತಿರ ಹೋಗಿ, ಚಿಲಕ ಎತ್ತಿ, ದಾಟಿ, ರಸ್ತೆಯ ಕಡೆ ನಿಂತರು. ಆ ನೋಟೀಸನ್ನು ಒಂದು ಸಲ ಓದಿದರು. ಅತ್ತ ಇತ್ತ ನೋಡಿದರು. ಆಮೇಲೆ ಬಾಗಿಲನ್ನು ಎಳೆದು ಮುಚ್ಚಿ, ಟೋಪಿ ತಲೆಯ ಮೇಲಿಟ್ಟುಕೊಂಡು, ಪಕ್ಕದ ಹುಲ್ಲಿನಲ್ಲಿ ಸುತ್ತಿಕೊಂಡು ಬಂದು ತಮ್ಮ ಜಾಗದಲ್ಲಿ ಕೂತರು.

ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. "ಅಯ್ಯೋ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ತೀರ್ಪು ಆಮೇಲೆ ಬರೆಸಿದರು: ನೋಟೀಸು ಕಾನೂನಿನಂತೆ ಇಲ್ಲ, ಕೆಟೂರಾ ಬೆಲ್‌ಳನ್ನು ಹಿಡಿದಿಟ್ಟದ್ದು ತಪ್ಪು, ಆಕೆ ತಕ್ಷಣ ಬಿಡುಗಡೆ. ಟಿಲ್ಫರ್ಡರು ಅಲ್ಲೇ ಮಂಡಿಯ ಮೇಲೆ ಹಲಗೆಯಿಟ್ಟು ಅದರ ಪ್ರತಿ ಬರೆದು, ಕೋರ್ಟಿನ ಮುದ್ರೆ ಒತ್ತಿಸಿ ಆಕೆಯ ಕೈಗೆ ಕೊಟ್ಟರು. ಮುದ್ರೆಯಿದ್ದ ಕಾಗದದ ಜೊತೆ ವಾದ ಮಾಡುವ ಧೈರ್ಯ ನಮ್ಮ ಕಡೆ ಯಾರಿಗೂ ಇರಲಿಲ್ಲ, ರಾಥನಿಗೂ ಇರಲಿಲ್ಲ. ನವೆಂಬರ್ ಮೊದಲ ವಾರ ಕೆಂಟಕಿಯಿಂದಲೂ ಉತ್ತರ ಬಂತು: ದಾಖಲೆ ಸಿಕ್ಕಿದೆ, ಆಕೆ ಸ್ವತಂತ್ರಳೇ. ಆದರೆ ಆ ಉತ್ತರ ಬರುವುದೆಂದು ಅಕ್ಟೋಬರದಲ್ಲಿ ಯಾರಿಗೆ ಗೊತ್ತಿತ್ತು?

ಕೋರ್ಟು ಮುಗಿದ ಸಂಜೆಯೇ ನನ್ನ ಬಾಗಿಲಿಗೆ ಕಲ್ಲು ಬಿದ್ದವು. ನನ್ನ ಮನೆಯ ನಿಜವಾದ ಬಾಗಿಲಿಗೆ. "ಹುಲ್ಲಂತೆ ಹುಲ್ಲು! ತಿನ್ನು ಹೋಗು!" ಎಂದು ಕೂಗಿದವನು ನನ್ನ ಸ್ವಂತ ಅಣ್ಣ. ಟಿಲ್ಫರ್ಡರ ಕೋಟಿಗೆಂದು ತರಿಸಿದ ಬಟ್ಟೆಯನ್ನು ಊರವರು ವಾಪಸು ಕೇಳಿದರು. ಅವರು ಮಡಿಸಿ ಕೊಟ್ಟುಕಳಿಸಿದರು.

ವಂಡೇಲಿಯದಿಂದ ಆದೇಶ ಬಂತು: ನವೆಂಬರ್ ಕೊನೆಗೆ ಮತ್ತೆ ಚುನಾವಣೆ, ಹೀಬ್ರನ್ನಿನ ಕಲ್ಲಿನ ಕಟ್ಟಡದಲ್ಲಿ. ಟಿಲ್ಫರ್ಡರ ಎದುರು ಮತ್ತೆ ರಾಥ್.

ನಮ್ಮಲ್ಲಿ ಆಗ ಓಟು ಎಂದರೆ ಬಾಯಿಮಾತು. ಗುಮಾಸ್ತ ಮೇಜಿನ ಹಿಂದೆ ಕೂತಿರುತ್ತಾನೆ, ಎರಡು ಪಕ್ಕ ಇಬ್ಬರು ಅಭ್ಯರ್ಥಿಗಳು. ಒಬ್ಬೊಬ್ಬನೇ ಎದುರು ನಿಂತು, ಎಲ್ಲರ ಮುಂದೆ, ಗಟ್ಟಿಯಾಗಿ ಹೆಸರು ಹೇಳಬೇಕು. ಯಾರ ಹೆಸರು ಹೇಳಿದನೋ ಅವರು ಎದ್ದು, ಟೋಪಿ ತೆಗೆದು, ಅವನ ಹೆಸರು ಹಿಡಿದು ಧನ್ಯವಾದ ಹೇಳಬೇಕು. ಅದು ಮರ್ಯಾದೆ.

"ಗಿಡಿಯನ್ ರಾಥ್." "ಗಿಡಿಯನ್ ರಾಥ್." ಬೆಳಗಿನಿಂದ ಅದೇ. ನಮ್ಮೂರಿನವರು ಒಬ್ಬೊಬ್ಬರೂ ಟಿಲ್ಫರ್ಡರ ಮುಖ ನೋಡಿಯೇ ಹೇಳುತ್ತಿದ್ದರು. ಅವರು ಕದಲದೆ ಕೇಳುತ್ತಿದ್ದರು. ನನ್ನ ಅಣ್ಣ ಹೇಳಿ ಹೋದ. ನನ್ನ ಸರದಿ ಬಂದಾಗ ಹಿಂದಿನಿಂದ ಒಬ್ಬ "ಮೇ ಮೇ" ಎಂದು ಮೇಕೆಯಂತೆ ಅರಚಿದ.

"ಆಸಾ ಟಿಲ್ಫರ್ಡ್" ಎಂದೆ. 

"ಕೇಳಿಸ್ಲಿಲ್ಲ" ಎಂದ ಗುಮಾಸ್ತ.

"ಆಸಾ ಟಿಲ್ಫರ್ಡ್!" ಕಿಟಕಿಯ ಗಾಜು ಅದುರುವಂತೆ ಕೂಗಿದೆ.

ಅವರು ಎದ್ದು ಟೋಪಿ ತೆಗೆದರು. "ಧನ್ಯವಾದ, ಎನೋಸ್ ಪ್ರಿಕೆಟ್."

ನನ್ನ ಹಿಂದೆಯೇ ಶೆರಿಫ್ ಪಾಟ್ಸ್. ನೆಲ ನೋಡುತ್ತ ಟಿಲ್ಫರ್ಡರ ಹೆಸರನ್ನೇ ಹೇಳಿದ. ರಾಥ್ ಹಲ್ಲು ಕಡಿದ. ಹೀಬ್ರನ್ನಿನ ಕೆಲವರೂ ಹೇಳಿದರು. ಆದರೂ ಸಾಲಲಿಲ್ಲ. ಸಂಜೆ ನಾಲ್ಕಕ್ಕೆ ಟಿಲ್ಫರ್ಡರಿಗೆ ನಲವತ್ತೊಂದು, ರಾಥನಿಗೆ ನೂರ ಎಪ್ಪತ್ತು ದಾಟಿತ್ತು. ಗುಮಾಸ್ತ ಪುಸ್ತಕ ಮುಚ್ಚಲು ಹೊರಟ.

ಆಗ ಬಾಗಿಲ ಬಳಿಯಿದ್ದ ಜನ ಸರಿದರು. ಕೆಟೂರಾ ಬಂದು ಮೇಜಿನ ಎದುರು, ಎಲ್ಲರೂ ನಿಂತ ಜಾಗದಲ್ಲೇ ನಿಂತಳು. ಒಂಬತ್ತು ಮೈಲಿ ನಡೆದು ಬಂದಿದ್ದಳು; ಲಂಗದ ಅಂಚು ಕೆಸರು.

"ಆಸಾ ಟಿಲ್ಫರ್ಡ್" ಎಂದಳು. ಅವಳ ದನಿಗೆ ನನ್ನ ಹಾಗೆ ಎರಡು ಸಲ ಬೇಕಾಗಲಿಲ್ಲ.

ಗುಮಾಸ್ತ ಬಾಯಿಬಿಟ್ಟ. "ಏನಮ್ಮಾ ಇದು? ನಿನಗೆಲ್ಲಿ ಓಟು? ಬರ್ಕೊಳ್ಳೋಕೆ ಆಗಲ್ಲ."

"ಬರ್ಕೊ ಅಂದ್ನಾ ನಾನು? ಕಿವಿಗೆ ಬಿತ್ತಲ್ಲ, ಸಾಕು."

ರಾಥ್ ನಗಲು ಹೋದ, ಯಾರೂ ಜೊತೆ ಕೊಡಲಿಲ್ಲ. ಟಿಲ್ಫರ್ಡರು ಎದ್ದು ನಿಂತರು. ಬೆಳಗಿನಿಂದ ನಲವತ್ತೊಂದು ಸಲ ಎದ್ದ ಹಾಗೆಯೇ ಎದ್ದರು. ಟೋಪಿ ತೆಗೆದು ಎದೆಗೆ ಹಿಡಿದರು.

"ಧನ್ಯವಾದ, ಕೆಟೂರಾ ಬೆಲ್" ಎಂದರು.

ಆಕೆ ತಲೆಯಾಡಿಸಿ ಹೊರಗೆ ನಡೆದಳು. ಟಿಲ್ಫರ್ಡರು ಮತ್ತೆ ಕೂರಲಿಲ್ಲ, ಟೋಪಿಯನ್ನೂ ಹಾಕಿಕೊಳ್ಳಲಿಲ್ಲ. ಗುಮಾಸ್ತ ಲೆಕ್ಕ ಓದಿ ಮುಗಿಸುವವರೆಗೂ ಬರಿತಲೆಯಲ್ಲೇ ನಿಂತಿದ್ದರು.